ಓಟು ಹಾಕದವರ ಲೀಡರ್

ಮಗಳೇ, ಕಾಲೇಜಿನ ಎನ್ನೆಸ್ಸೆಸ್ ಘಟಕಕ್ಕೆ ನಿನ್ನನ್ನು ಲೀಡರ್ ಮಾಡಿದ್ದಾರೆ ಅಂತ ನಿನ್ನ ಅಮ್ಮ ಲಿಫ್ಟಿನಲ್ಲಿ ಸಿಕ್ಕಾಗ ಹೇಳಿದಳು. ದಹಿಸರ್ ನದಿ ಸ್ವಚ್ಛ ಮಾಡುವ ಕೆಲಸವಂತೆ, ನೂರು ಮಕ್ಕಳು ನಿನ್ನ ಕೈಕೆಳಗಂತೆ. ಬಹಳ ಸಂತೋಷವಾಯಿತು. ಆದರೆ ಒಂದು ವಿಷಯ ಈಗಲೇ ತಲೆಯಲ್ಲಿರಲಿ: ಆ ನೂರರಲ್ಲಿ ಒಬ್ಬರೂ ನಿನಗೆ ಓಟು ಹಾಕಿದವರಲ್ಲ.

ಅದಕ್ಕೆ ನೀನು ಕಾರಣಳಲ್ಲ. ಒಂದು ಕಾಲದಲ್ಲಿ ಮುಂಬಯಿಯ ಕಾಲೇಜುಗಳಲ್ಲಿ ಚುನಾವಣೆ ಎಂದರೆ ಪೋಸ್ಟರು, ಮೆರವಣಿಗೆ, ಹೊಡೆದಾಟ ಎಲ್ಲವೂ ಇತ್ತು. 1989ರಲ್ಲಿ ಒಬ್ಬ ವಿದ್ಯಾರ್ಥಿ ನಾಯಕನ ಕೊಲೆಯೂ ಆಯಿತು. 1994ರ ಮಹಾರಾಷ್ಟ್ರ ವಿಶ್ವವಿದ್ಯಾಲಯ ಕಾಯ್ದೆ ಬಂದ ಮೇಲೆ ನೇರ ಚುನಾವಣೆ ಹೋಗಿ, ಅಂಕಪಟ್ಟಿ ನೋಡಿ ನೇಮಿಸುವ ಪದ್ಧತಿ ಬಂತು. 2016ರ ಕಾಯ್ದೆ ಚುನಾವಣೆಗೆ ಮತ್ತೆ ದಾರಿ ಬಿಟ್ಟಿತಾದರೂ ನಿನ್ನ ಓರಗೆಯವರು ಕಾಲೇಜಿನಲ್ಲಿ ಸರದಿಯಲ್ಲಿ ನಿಂತು ಓಟು ಹಾಕಿದ್ದನ್ನು ನಾನಂತೂ ಕಾಣೆ. ನಿನ್ನನ್ನೂ ಆರಿಸಿದ್ದು ಪ್ರೊಫೆಸರು. ಉಳಿದವರು ಬರುವುದು ಅವರ ಹಾಜರಿ ಪುಸ್ತಕಕ್ಕೆ ಹೆದರಿ, ಇಲ್ಲವೇ ಗ್ರೇಸ್ ಮಾರ್ಕಿನ ಆಸೆಗೆ. ಎನ್ನೆಸ್ಸೆಸ್ 1969ರಲ್ಲಿ ಗಾಂಧಿ ಶತಮಾನೋತ್ಸವದ ವರ್ಷ ಶುರುವಾದದ್ದು, ಎರಡು ವರ್ಷಕ್ಕೆ 240 ಗಂಟೆ ಸೇವೆ ಅದರ ಲೆಕ್ಕ. ಆ ಗಂಟೆ ತುಂಬಿಸಲು ಬಂದವರನ್ನು ಹೀಯಾಳಿಸಬೇಡ. ಬಂದಿದ್ದಾರಲ್ಲ, ಅಷ್ಟು ಸಾಕು. ಹಾಕದ ಆ ಓಟನ್ನು ಅವರಿಂದ ದಿನಾ ಸ್ವಲ್ಪ ಸ್ವಲ್ಪ ಸಂಪಾದಿಸುವುದೇ ನಿನ್ನ ಕೆಲಸ.

ಹೇಗೆ ಅಂತ ಕೇಳುತ್ತೀ. ನದಿಯಿಂದಲೇ ಶುರು ಮಾಡೋಣ. ಮೇಲೆ ತುಳಸಿ ಕೆರೆಯಿಂದ ನ್ಯಾಷನಲ್ ಪಾರ್ಕಿನೊಳಗೆ ಹರಿಯುವಾಗ ಅದು ನಿಜವಾಗಿಯೂ ನದಿಯೇ. ಊರೊಳಗೆ ಬರುತ್ತಿದ್ದಂತೆ ಎಮ್ಮೆ ತಬೇಲಾಗಳ ಸೆಗಣಿ, ಪ್ಲಾಸ್ಟಿಕ್ಕು, ಗಟಾರದ ನೀರು ಸೇರಿ ನಾಲಾ ಆಗಿಬಿಡುತ್ತದೆ. ಹಿಂದೆ ಒಂದು ತಂಡದವರು ಬಂದು ದಿನವಿಡೀ ಮೊಣಕಾಲಿನವರೆಗೆ ಕೆಸರಲ್ಲಿ ನಿಂತು ಕಸ ಎತ್ತಿ ದಂಡೆಯ ಮೇಲೆ ಗುಡ್ಡೆ ಹಾಕಿದರು, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡರು, ಹೋದರು. ಗುಡ್ಡೆ ಎತ್ತಲು ಗಾಡಿ ಬೇಕೆಂದು ಯಾರಿಗೂ ಮೊದಲೇ ಹೇಳಿಟ್ಟಿರಲಿಲ್ಲ. ಮೊದಲ ಮಳೆಗೆ ಅಷ್ಟೂ ವಾಪಸ್ ನೀರಿಗೆ. ನೀನು ಮೊದಲು ಮಾಡಬೇಕಾದದ್ದು ಮುನಿಸಿಪಾಲಿಟಿಯ ಆರ್-ನಾರ್ತ್ ವಾರ್ಡ್ ಆಫೀಸಿಗೆ ಪತ್ರ: ಇಂಥ ದಿನ, ಇಂಥ ಜಾಗ, ಇಷ್ಟು ಹೊತ್ತಿಗೆ ಕಸದ ಗಾಡಿ ಬೇಕು. ಗ್ಲೌಸು, ಗಮ್‌ಬೂಟು ಎಷ್ಟಿವೆ ಎಣಿಸು, ಎಷ್ಟು ಜೋಡಿ ಇವೆಯೋ ಅಷ್ಟೇ ಮಂದಿಯನ್ನು ನೀರಿಗಿಳಿಸು. ಕಂದರ್‌ಪಾಡದ ಕಡೆಯಾದರೆ ಸಮುದ್ರದ ಭರತದ ವೇಳೆ ನೋಡದೆ ಯಾರನ್ನೂ ಇಳಿಸಬೇಡ. ಇದರಲ್ಲಿ ಒಂದಕ್ಕೂ ಚಪ್ಪಾಳೆ ಬೀಳುವುದಿಲ್ಲ.

ಚಪ್ಪಾಳೆಯಿಲ್ಲದ ಇಂಥ ಕೆಲಸ ಮಾಡಿದವನೊಬ್ಬನ ಮಾತು ಹೇಳುತ್ತೇನೆ. 2005ರ ಜುಲೈ 26ರಂದು ನೀನಿನ್ನೂ ಹುಟ್ಟಿರಲಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಇದೇ ನದಿ ಉಕ್ಕಿ ಮನೆಗಳಿಗೆ ನುಗ್ಗಿತು. ಕರೆಂಟಿಲ್ಲ, ಫೋನಿಲ್ಲ. ಆಗ ನಮ್ಮ ಚಾಳಿನಲ್ಲಿ ಎರಡನೇ ವರ್ಷದ ಬಿಕಾಂ ಓದುವ ಹುಡುಗನೊಬ್ಬನಿದ್ದ, ಮಾತು ಕಡಿಮೆ, ಗಣಪತಿಯ ಮಂಟಪದಲ್ಲೂ ಮೂಲೆಯಲ್ಲಿ ನಿಲ್ಲುವವನು. ಅವನು ಒಂದು ಲಾಂಗ್‌ಬುಕ್ ಹಿಡಿದು ಮನೆಮನೆ ಹತ್ತಿಳಿದು ಬರೆದುಕೊಂಡ: ಕೆಳಗಿನ ಯಾವ ಮನೆಯವರು ಮೇಲೆ ಯಾರ ಮನೆಯಲ್ಲಿದ್ದಾರೆ, ಯಾರಿಗೆ ಇನ್ಸುಲಿನ್ ಬೇಕು, ಯಾವ ಮಗು ಇನ್ನೂ ಶಾಲೆಯಿಂದ ಬಂದಿಲ್ಲ. ಅಂಧೇರಿ, ಬಾಂದ್ರಾದಿಂದ ಹಳಿಗುಂಟ ನಡೆದು ನಡುರಾತ್ರಿ ಮನೆ ಮುಟ್ಟಿದ ಗಂಡಸರು ಮೊದಲು ಹುಡುಕಿದ್ದು ಅವನನ್ನು. ಒದ್ದೆಯಾಗಿ ಉಬ್ಬಿದ ಆ ಪುಟಗಳನ್ನು ಮೇಣದಬತ್ತಿಯ ಬೆಳಕಿಗೆ ಹಿಡಿದು, ನಿಮ್ಮವರು ಎರಡನೇ ಮಾಳಿಗೆಯಲ್ಲಿದ್ದಾರೆ, ಹೋಗಿ, ಎನ್ನುತ್ತಿದ್ದ. ಅವನ ಎದೆಯ ಮೇಲೆ ಬ್ಯಾಜಿರಲಿಲ್ಲ.

ಜಾರ್ಜ್ ಫರ್ನಾಂಡಿಸರ ಕತೆ ಗೊತ್ತೇ? 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ಬಿಟ್ಟು ಹೆಚ್ಚುಕಡಿಮೆ ನಿನ್ನದೇ ವಯಸ್ಸಿನಲ್ಲಿ ಈ ಊರಿಗೆ ಬಂದವರು. ಚೌಪಾಟಿಯ ಬೆಂಚಿನ ಮೇಲೆ ಮಲಗಿದರೆ ಪೊಲೀಸರು ಬಂದು ಎಬ್ಬಿಸುತ್ತಿದ್ದರು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಬಳಿ ಸಂಘಟನೆಯ ಕೆಲಸ ಕಲಿತು, ಟ್ಯಾಕ್ಸಿ ಡ್ರೈವರುಗಳನ್ನು, ಮುನಿಸಿಪಾಲಿಟಿಯ ನೌಕರರನ್ನು ಒಟ್ಟುಗೂಡಿಸಿದರು. 1961ರಲ್ಲಿ ಕಾರ್ಪೊರೇಟರ್. 1967ರಲ್ಲಿ ಮುಂಬಯಿಯ ಕಿರೀಟವಿಲ್ಲದ ರಾಜ ಎನಿಸಿಕೊಂಡ ಎಸ್. ಕೆ. ಪಾಟೀಲರನ್ನೇ ಸೋಲಿಸಿದರು. ನಮ್ಮ ಸಭೆಗಳಲ್ಲಿ ಭಾಷಣ ಮಾಡುವವರೆಲ್ಲ 1967 ಒಂದನ್ನೇ ಹಿಡಿದು ಹೊಗಳುತ್ತಾರೆ. ಅದಕ್ಕೂ ಹಿಂದೆ ದುಡಿದ ವರ್ಷಗಳ ಸುದ್ದಿ ಯಾರೂ ಎತ್ತುವುದಿಲ್ಲ. ಓಟಿನ ಪೆಟ್ಟಿಗೆ ಎದುರಿಗೆ ಬರುವ ಎಷ್ಟೋ ಮೊದಲೇ ಆ ಕಾರ್ಮಿಕರು ಅವರನ್ನು ಆರಿಸಿಯಾಗಿತ್ತು.

ಇನ್ನು ದುಡ್ಡಿನ ವಿಚಾರ. ಫೆಸ್ಟಿವಲ್ ಇರಲಿ, ಕ್ಯಾಂಪ್ ಇರಲಿ, ಎಲ್ಲರೂ ಹಣ ಹಾಕುವುದು ಲೀಡರಿನ ಜೀಪೇ ನಂಬರಿಗೆ. ಅಲ್ಲಿಂದಲೇ ಹಾಳಾಗುವುದು. ನೀನು ಒಂದು ಪೈಸೆ ತಿನ್ನದಿದ್ದರೂ ನಿನ್ನ ಅಪ್ಪ ಕೊಟ್ಟ ಪಾಕೆಟ್‌ಮನಿಯೂ ಅವರ ವಂತಿಗೆಯೂ ಒಂದೇ ಖಾತೆಯಲ್ಲಿ ಕಲೆತವೆಂದರೆ ಲೆಕ್ಕ ಕೇಳಿದ ದಿನ ಬಾಯಿ ಒಣಗುತ್ತದೆ. ಹಣ ಇನ್ನೊಬ್ಬರ ಬಳಿ ಇರಲಿ, ರಸೀದಿ ನಿನ್ನ ಬಳಿ ಇರಲಿ, ಅಂದಿನ ಖರ್ಚು ಅಂದೇ ಗ್ರೂಪಿಗೆ ಹೋಗಲಿ. ವಡಾಪಾವಿನ ಖರ್ಚೂ ಸೇರಿ.

ಮೀಟಿಂಗ್ ಇಡುವಾಗ ಟ್ರೇನಿನ ನೆನಪಿರಲಿ. ನಿನಗೇನು, ದಹಿಸರ್‌ನಲ್ಲಿ ಇಳಿದರೆ ಮನೆ. ನಿನ್ನ ಗುಂಪಿನ ಅರ್ಧ ಹುಡುಗಿಯರು ಮೀರಾರೋಡ್, ಭಾಯಂದರ್, ನಾಯ್‌ಗಾಂವ್, ವಸಾಯಿ ದಾಟಿ ನಾಲಾಸೋಪಾರ, ವಿರಾರ್‌ಗೆ ಹೋಗಬೇಕಾದವರು. ಕ್ಯಾಂಟೀನಿನಲ್ಲಿ ಹರಟುತ್ತ ರಾತ್ರಿ ಎಂಟಕ್ಕೆ ನೀವು ನಿರ್ಧಾರ ಮಾಡಿದರೆ ಅವರಿಲ್ಲದ ನಿರ್ಧಾರ ಅದು. ಮಾತಾಡುವಾಗಲೂ ಇಂಗ್ಲಿಷಿನಲ್ಲಿ ಹಾರಾಡಬೇಡ. ಮರಾಠಿ ಮೀಡಿಯಮ್ಮಿನಿಂದ ಬಂದವನು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತಾನೆ, ತಬೇಲಾದವರ ಹತ್ತಿರ ಹೋಗಿ ಮಾತಾಡಿಸಿ ಬರುವ ತಾಕತ್ತು ಇರುವುದು ಅವನಿಗೇ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮರಾಠಿ, ಗೆಳತಿಯರ ಜೊತೆ ಹಿಂದಿ, ನನ್ನ ಜೊತೆ ಕನ್ನಡ ಎಂದು ಬೆಳೆದವಳು ನೀನು. ಆ ಬಂಡವಾಳವನ್ನು ಇಲ್ಲಿ ಬಳಸು.

ಇನ್ನೊಂದು. ಮುಂದಿನ ವರ್ಷ ನೀನು ಈ ಕೆಲಸ ಬಿಡಬೇಕು, ಅದಕ್ಕೆ ಈಗಲೇ ತಯಾರಾಗು. ಮುಂಬಯಿಯ ನಮ್ಮ ಎಷ್ಟೋ ಸಂಘಗಳಲ್ಲಿ ಯುವಜನರು ಬರುವುದಿಲ್ಲ ಎಂಬ ದೂರು ವಾರ್ಷಿಕೋತ್ಸವಕ್ಕೊಮ್ಮೆ ಮೈಕಿನಲ್ಲಿ ಕೇಳುತ್ತದೆ. ಬಂದ ನಿನ್ನಂಥವರಿಗೆ ಸಿಗುವುದು ಪ್ರಾರ್ಥನೆ ಹಾಡುವುದು, ಅತಿಥಿಗಳಿಗೆ ಹೂಗುಚ್ಛ ಕೊಡುವುದು, ಊಟದ ತಟ್ಟೆ ಹಂಚುವುದು. ಚೆಕ್‌ಬುಕ್ಕು, ರಿಜಿಸ್ಟರು ಅದೇ ಹಳೆಯ ಕೈಗಳಲ್ಲಿ. ನಿನ್ನ ಘಟಕ ಹಾಗಾಗದಿರಲಿ. ಮೊದಲ ವರ್ಷದ ಇಬ್ಬರನ್ನು ಜೊತೆಗೆ ಕರೆದುಕೊಂಡೇ ವಾರ್ಡ್ ಆಫೀಸಿಗೆ ಹೋಗು, ಪತ್ರವನ್ನು ಅವರಿಂದಲೇ ಬರೆಸು. ಮರಾಠಿ ತಪ್ಪಿದ್ದರೆ ಚಿಂತೆಯಿಲ್ಲ, ಮನೆಗೆ ತಂದು ತೋರಿಸಿ, ನಾನು ತಿದ್ದಿಕೊಡುತ್ತೇನೆ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ತಾರೀಕು ಸಮೇತ ಅವರ ಮೊಹರು ಬೀಳುವ ತನಕ ಕೌಂಟರು ಬಿಟ್ಟು ಅಲುಗಬೇಡಿ.