ಟ್ರ್ಯಾಕ್ಟರಿನ ಮುಂದಿನ, ಹಿಂದಿನ ಗಾಲಿಗಳಿಗೆ ಹೊಸ ಟೈರಿನ ಆಯ್ಕೆ

ಮಂಡ್ಯ ಜಿಲ್ಲೆಯ ಟ್ರ್ಯಾಕ್ಟರಿಗೆ ವರ್ಷದಲ್ಲಿ ಎರಡು ಬಗೆಯ ದುಡಿಮೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಕೂಡಲೆ ಗದ್ದೆಯ ಕೆಸರು ಉಳುಮೆ. ಕಬ್ಬಿನ ಕಟಾವು ಆರಂಭವಾಯಿತೆಂದರೆ ಮಂಡ್ಯಕ್ಕೋ, ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ. ದೊಡ್ಡಿಯ ಕಾರ್ಖಾನೆಗಳಿಗೋ ಡಾಂಬರು ರಸ್ತೆಯ ಮೇಲೆ ಟ್ರೇಲರ್ ಎಳೆತ. ಮಳವಳ್ಳಿಯ ಖುಷ್ಕಿ ಭಾಗದಲ್ಲಾದರೆ ಕೆಂಪು ಮಣ್ಣಿನ ರಾಗಿ ಹೊಲಗಳ ಉಳುಮೆ. ಕೆಸರಿನಲ್ಲಿ ಹಿಡಿತ ಕೊಡುವ ಟೈರು ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಆದುದರಿಂದ ಟೈರು ಬದಲಿಸುವ ಮುನ್ನ ತನ್ನ ಟ್ರ್ಯಾಕ್ಟರು ಹೆಚ್ಚು ಗಂಟೆ ದುಡಿಯುವುದು ಎಲ್ಲಿ ಎಂಬುದನ್ನು ರೈತನು ಲೆಕ್ಕ ಹಾಕಬೇಕು. ವರ್ಷದ ಬಹುಭಾಗ ಕಬ್ಬು ಸಾಗಿಸುವವನು ಗದ್ದೆಗೆಂದೇ ಮಾಡಿದ ಆಳವಾದ ಹಲ್ಲಿನ ಟೈರು ಕೊಂಡರೆ ಹಣ ರಸ್ತೆಯ ಪಾಲಾಗುತ್ತದೆ. ಸಾಧಾರಣ ಹಲ್ಲಿನ ಟೈರನ್ನೇ ಇಟ್ಟುಕೊಂಡು ಕೆಸರಿಗೆ ಕೇಜ್ ವೀಲ್ ಜೋಡಿಸುವುದು ಅಂಥವನಿಗೆ ಲಾಭಕರ. ಆದರೆ ಕೇಜ್ ವೀಲ್ ಸಮೇತ ರಸ್ತೆಗೆ ಇಳಿಯುವ ಅಭ್ಯಾಸ ಮಾತ್ರ ಕೂಡದು.

35ರಿಂದ 50 ಅಶ್ವಶಕ್ತಿಯ, ಹಿಂದಿನ ಗಾಲಿಗಳಿಗೆ ಮಾತ್ರ ಚಾಲನೆಯಿರುವ ಟ್ರ್ಯಾಕ್ಟರುಗಳಲ್ಲಿ ಮುಂದೆ 6.00-16, ಹಿಂದೆ 12.4-28 ಅಥವಾ 13.6-28 ಅಳತೆಯ ಟೈರುಗಳು ಸಾಮಾನ್ಯ. ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಅಂಗುಲಗಳಲ್ಲಿ. ನಡುವೆ ಅಡ್ಡಗೆರೆಯ ಬದಲು 'ಆರ್' ಅಕ್ಷರವಿದ್ದರೆ ಅದು ರೇಡಿಯಲ್ ಟೈರು. ಇಂಥ ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿಯ ಕೆಲಸ ದಿಕ್ಕು ತೋರಿಸುವುದು, ಹಿಂದಿನದರ ಕೆಲಸ ಎಳೆಯುವುದು. ಆದ್ದರಿಂದ ಮುಂದೆ ಹಳೆಯದು, ಹಿಂದೆ ಹೊಸದು ಇದ್ದರೂ ಯಂತ್ರಕ್ಕೆ ತೊಂದರೆಯಿಲ್ಲ. ಆದರೆ ಒಂದೇ ಅಚ್ಚಿನ ಎಡಬಲದ ಟೈರುಗಳು ಜೋಡಿಯಾಗಿರಲೇಬೇಕು. ಹಣ ಉಳಿಸಲೆಂದು ಹಿಂದೆ ಒಂದೇ ಹೊಸ ಟೈರು ಹಾಕಿದರೆ ಎರಡು ಗಾಲಿಗಳ ಸುತ್ತಳತೆ ಬೇರೆಯಾಗಿ, ನೇರವಾಗಿ ಹೋಗುವಾಗಲೂ ಡಿಫರೆನ್ಷಿಯಲ್ ಗೇರುಗಳು ತಿರುಗುತ್ತಲೇ ಇರುತ್ತವೆ. ಬ್ರೇಕು ಹಾಕಿದಾಗ ಟ್ರ್ಯಾಕ್ಟರು ಒಂದು ಕಡೆಗೆ ಎಳೆಯುತ್ತದೆ. ತುಂಬಿದ ಟ್ರೇಲರ್ ಬೆನ್ನಿಗಿರುವಾಗ ಇದು ಪ್ರಾಣಕ್ಕೇ ಅಪಾಯ. ರೇಡಿಯಲ್ ಮತ್ತು ಸಾಧಾರಣ ಟೈರನ್ನು ಒಂದೇ ಅಚ್ಚಿಗೆ ಬೆರೆಸುವುದೂ ತಪ್ಪು. ಹೊಸ ರಬ್ಬರು ಕೂರಿಸಿದ ರೀಟ್ರೆಡ್ ಟೈರನ್ನು ಹಿಂದಿನ ಗಾಲಿಗೆ ಬಳಸಬಹುದು, ಎರಡನ್ನೂ ಒಂದೇ ಅಚ್ಚಿನ ಪಡಿಯಲ್ಲಿ ಮಾಡಿಸಿರಬೇಕು. ರಸ್ತೆಯಲ್ಲಿ ಓಡುವ ಟ್ರ್ಯಾಕ್ಟರಿನ ಮುಂದಿನ ಗಾಲಿಗೆ ಅದು ಬೇಡ.

ನಿಜವಾದ ತೊಡಕು ಇರುವುದು 'ಫೋರ್ ವೀಲ್' ಎಂದು ಕರೆಯುವ, ನಾಲ್ಕೂ ಗಾಲಿಗಳಿಗೆ ಚಾಲನೆಯಿರುವ ಟ್ರ್ಯಾಕ್ಟರಿನಲ್ಲಿ. ಇದರ ಮುಂದಿನ ಗಾಲಿ ಚಿಕ್ಕದು, ಹಿಂದಿನದು ದೊಡ್ಡದು. ಎರಡನ್ನೂ ಗೇರುಗಳು ಬಿಗಿಯಾಗಿ ಬಂಧಿಸಿರುತ್ತವೆ. ಮುಂದಿನ ಗಾಲಿ ನೆಲದ ಮೇಲೆ ಸಹಜವಾಗಿ ಉರುಳುವುದಕ್ಕಿಂತ ಸ್ವಲ್ಪ ಬೇಗ, ಸುಮಾರು ಶೇಕಡ 1ರಿಂದ 5ರಷ್ಟು, ಸುತ್ತುವಂತೆ ತಯಾರಕರು ಹೊಂದಿಸಿರುತ್ತಾರೆ. ಈ ಮುಂಗಡವಿದ್ದರೇ ಮುಂದಿನ ಗಾಲಿ ಎಳೆಯುತ್ತದೆ. ಟೈರಿನ ಅಳತೆಯೋ ಸವೆತವೋ ಬದಲಾದರೆ ಮುಂಗಡವೂ ಕೆಡುತ್ತದೆ.

ಇದನ್ನು ರೈತನೇ ಪರೀಕ್ಷಿಸಬಹುದು. ನಾಲ್ಕೂ ಟೈರಿಗೆ ಸರಿಯಾದ ಗಾಳಿ ತುಂಬಿ, ಹಿಂದಿನ ಮತ್ತು ಮುಂದಿನ ಒಂದೊಂದು ಗಾಲಿಗೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಮುಂದಿನ ಚಾಲನೆಯನ್ನು ಬಿಡಿಸಿ ಗಟ್ಟಿ ನೆಲದ ಮೇಲೆ ನಿಧಾನವಾಗಿ ನೇರಕ್ಕೆ ಓಡಿಸಿ, ಹಿಂದಿನ ಗಾಲಿ 10 ಸುತ್ತು ಹಾಕುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತಿತೆಂದು ಒಬ್ಬರು ಪಕ್ಕದಲ್ಲಿ ನಡೆದು ಎಣಿಸಬೇಕು. ಅದು 14 ಎಂದಿರಲಿ. ಬಳಿಕ ಸಡಿಲ ಮಣ್ಣಿನಲ್ಲಿ ಮುಂದಿನ ಚಾಲನೆ ಸೇರಿಸಿ ಮತ್ತೆ 10 ಸುತ್ತು ಎಣಿಸಿದಾಗ 14.4 ಬಂದರೆ, ಹೆಚ್ಚಿನ 0.4ನ್ನು 14ರಿಂದ ಭಾಗಿಸಬೇಕು. ಮುಂಗಡ ಶೇಕಡ 2.9, ಇದು ಸರಿಯಾಗಿದೆ.

ಈಗ ಇದೇ ಟ್ರ್ಯಾಕ್ಟರಿಗೆ ಹಿಂದೆ ಹೊಸ ಜೋಡಿ ಹಾಕಿ, ಹಲ್ಲು ಸವೆದ ಹಳೆಯದನ್ನೇ ಮುಂದೆ ಬಿಟ್ಟರೆ? ಮುಂದಿನ ಗಾಲಿ ಕುಗ್ಗಿರುವುದರಿಂದ ಮೊದಲ ಎಣಿಕೆ 14.6ಕ್ಕೆ ಏರಬಹುದು. ಗೇರಿನ ಎಣಿಕೆ ಮಾತ್ರ 14.4 ಆಗಿಯೇ ಉಳಿಯುತ್ತದೆ. ಮುಂದಿನ ಗಾಲಿ ಎಳೆಯುವ ಬದಲು ಹಿಂದಕ್ಕೆ ತಡೆಯುತ್ತದೆ. ಡೀಸೆಲ್ ಖರ್ಚಾದರೂ ಗದ್ದೆಯಲ್ಲಿ ಬಲ ಕಾಣದು. ಇದಕ್ಕೆ ತಿರುಗಿ, ಹಿಂದಿನವು ಸವೆದು ಮುಂದೆ ಹೊಸದು ಬಂದಾಗ ಎಣಿಕೆ 13.4ಕ್ಕೆ ಇಳಿದರೆ ಮುಂಗಡ ಶೇಕಡ 7ನ್ನೂ ಮೀರುತ್ತದೆ. ಮುಂದಿನ ಹೊಸ ಟೈರು ಉಜ್ಜಿ ಸವೆಯುವುದಲ್ಲದೆ ಮುಂದಿನ ಅಚ್ಚಿನ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಆ ಗೇರುಗಳ ದುರಸ್ತಿ ಒಂದು ಜೋಡಿ ಟೈರಿನ ಉಳಿತಾಯವನ್ನು ನುಂಗಿಹಾಕಬಲ್ಲದು. ನಾಲ್ಕನ್ನೂ ಒಮ್ಮೆಗೇ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ನಿಜ. ಅಂಥವರು ಒಂದು ಜೋಡಿ ಹಾಕಿಸಿ ಈ ಎಣಿಕೆ ಮಾಡಿ, ಮುಂಗಡ ಮಿತಿಯಲ್ಲಿ ಇಲ್ಲದಿದ್ದರೆ ಉಳಿದ ಜೋಡಿ ಬದಲಿಸುವವರೆಗೆ ಮುಂದಿನ ಚಾಲನೆಯನ್ನು ಸೇರಿಸದೆ ದುಡಿಸುವುದು ಲೇಸು. ಹಿಂದೆ 12.4-28 ತೆಗೆದು 13.6-28 ಹಾಕುವ ಆಸೆಯಿದ್ದರೆ ಮುಂದಿನ ಅಳತೆಯನ್ನೂ ತಯಾರಕರ ಕೈಪಿಡಿಯಲ್ಲಿ ಹೇಳಿರುವಂತೆ ಬದಲಿಸಬೇಕು. ಡಾಂಬರು ರಸ್ತೆಯಲ್ಲಿ ಟೈರು ಎಷ್ಟೇ ಸರಿಯಿದ್ದರೂ ಮುಂದಿನ ಚಾಲನೆ ಬಿಡಿಸಿರಬೇಕು.

ಅಂಗಡಿಯಲ್ಲಿ ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳ ತಯಾರಿಕೆಯ ಗುರುತನ್ನು ಓದಿ ನೋಡಬೇಕು. 2322 ಎಂದಿದ್ದರೆ 2022ನೆಯ ಇಸವಿಯ 23ನೆಯ ವಾರದ್ದು. ಬಹುಕಾಲ ಅಟ್ಟದಲ್ಲಿದ್ದ ಟೈರನ್ನು ಹೊಸದರ ಬೆಲೆಗೆ ಕೊಳ್ಳಬಾರದು.

ಜೋಡಿಸುವಾಗ ಹಲ್ಲಿನ ದಿಕ್ಕು ತಪ್ಪಬಾರದು. ಪಕ್ಕೆಯ ಮೇಲಿನ ಬಾಣವು ಗಾಲಿ ಮುಂದಕ್ಕೆ ಸುತ್ತುವ ದಿಕ್ಕಿಗಿರಬೇಕು. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಹಿಂದಿನ ಟೈರಿನ ಹಲ್ಲುಗಳ ಮೊನೆ ಮೇಲ್ಮುಖವಾಗಿ ಕಾಣುತ್ತದೆ. ತಿರುವುಮುರುವಾದರೆ ಹಲ್ಲುಗಳ ನಡುವಿನ ಕೆಸರು ಕಳಚಿಕೊಳ್ಳದು. ಕೆಸರು ಉಳುಮೆಗಾಗಿ ಟ್ಯೂಬಿಗೆ ನೀರು ತುಂಬುವವರು ವಾಲ್ವನ್ನು ಮೇಲಕ್ಕೆ ತಂದು ಅದರ ಮಟ್ಟದವರೆಗೆ, ಅಂದರೆ ಮುಕ್ಕಾಲು ಭಾಗ, ತುಂಬಿದರೆ ಸಾಕು. 13.6-28ರ ಟೈರಿಗೆ ಸುಮಾರು 200 ಲೀಟರ್ ಹಿಡಿಯುತ್ತದೆ. ಕಬ್ಬಿನ ಸಾಗಣೆ ಆರಂಭವಾಗುವ ಮುನ್ನ ಈ ನೀರನ್ನು ತೆಗೆದು, ಕೈಪಿಡಿಯಲ್ಲಿ ರಸ್ತೆ ಸಾಗಣೆಗೆ ಹೇಳಿರುವಷ್ಟು ಗಾಳಿ ತುಂಬಿಸಬೇಕು. ಹೊಸ ಟೈರಿನ ಮೊದಲ ದಿನದ ಕೆಲಸ ಮುಗಿದ ಸಂಜೆ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು.