ಸಾಲಿ ಕಮಿಟಿಗೆ ಮಾಸ್ತರು ನಿಲ್ಲಬಹುದೇ?

ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ‘ಸಾಲಿ ಕಮಿಟಿ’ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಮೂರು ವರ್ಷಕ್ಕೊಮ್ಮೆ ಹೊಸ ಕಮಿಟಿಗೆ ಪಾಲಕರ ಸಭೆ ಕರೆದಾಗ ಕೆಲವು ಊರುಗಳಲ್ಲಿ ಒಂದು ತಕರಾರು ಏಳುತ್ತದೆ. ಮಗಳು ಈ ಶಾಲೆಯಲ್ಲಿ ಐದನೇ ತರಗತಿ, ತಂದೆಯೋ ತಾಯಿಯೋ ಇನ್ನೊಂದು ಶಾಲೆಯಲ್ಲಿ ಶಿಕ್ಷಕರು. ಅವರು ಪಾಲಕರಾಗಿ ಕಮಿಟಿಗೆ ಬರಬಹುದೇ? ಬರಬಹುದು, ಬರಬೇಕು ಕೂಡ. ಆದರೆ ಮಗು ಓದುವ ಶಾಲೆಗೆ ಮಾತ್ರ, ತಾವು ಪಾಠ ಮಾಡುವ ಶಾಲೆಗೆ ಅಲ್ಲ. ಸಾಮಾನ್ಯ ಸದಸ್ಯರಾಗಿ ಮಾತ್ರ, ಅಧ್ಯಕ್ಷರಾಗಿ ಅಲ್ಲ. ಈ ಮಾತಿನಲ್ಲಿ ಮೊದಲರ್ಧಕ್ಕೆ ಕಾನೂನಿನ ಬಲವಿದೆ. ಉಳಿದರ್ಧ ನನ್ನ ಅಭಿಪ್ರಾಯ, ಅದಕ್ಕೆ ಕಾರಣ ಮುಂದೆ ಕೊಡುತ್ತೇನೆ.

ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ ರಾಜ್ಯ ಸರ್ಕಾರ 2001ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದಿಂದ ಎಸ್‌ಡಿಎಂಸಿ ಹುಟ್ಟಿತು. ಅದಕ್ಕೂ ಮೊದಲಿದ್ದ ಗ್ರಾಮ ಶಿಕ್ಷಣ ಸಮಿತಿಗಳಲ್ಲಿ ಊರ ಹಿರಿಯರಿದ್ದರು. ಅವರ ಮಕ್ಕಳು ಆ ಶಾಲೆಯಲ್ಲಿ ಓದಬೇಕೆಂದೇನೂ ಇರಲಿಲ್ಲ. ಹೊಸ ಕಮಿಟಿಯ ಆಯ್ಕೆ ಪಾಲಕರ ಕೈಗೆ ಬಂತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಇದನ್ನು ಇನ್ನಷ್ಟು ಬಿಗಿ ಮಾಡಿತು. ಕಮಿಟಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ಮತ್ತು ಅವಕಾಶವಂಚಿತ ಸಮುದಾಯಗಳ ಮಕ್ಕಳ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಸಿಗಬೇಕು. ನಮ್ಮ ರಾಜ್ಯದಲ್ಲಿ ಪಾಲಕರಿಂದ 18 ಜನರನ್ನು ಆರಿಸುವ ಪದ್ಧತಿ ಇದೆ. ಕೇಂದ್ರದ 2010ರ ಮಾದರಿ ನಿಯಮಗಳು ಆ ಶಾಲೆಯ ಶಿಕ್ಷಕರಿಗೆ ಉಳಿದ ಕಾಲು ಪಾಲಿನಲ್ಲಿ ಬೇರೆಯೇ ಜಾಗ ಇಟ್ಟಿವೆ. ಶಿಕ್ಷಕರ ಕುರ್ಚಿ ಬೇರೆ, ಪಾಲಕರ ಕುರ್ಚಿ ಬೇರೆ ಎಂಬುದು ಇಲ್ಲಿನ ತರ್ಕ. ಹೀಗಿರುವಾಗ ಅದೇ ಶಾಲೆಯ ಶಿಕ್ಷಕರು ತಮ್ಮ ಮಗುವಿನ ಹೆಸರಿನಲ್ಲಿ ಪಾಲಕರ ಕುರ್ಚಿಯನ್ನೂ ಹಿಡಿದರೆ ಲೆಕ್ಕ ತಪ್ಪುತ್ತದೆ. ಬೇರೆ ಶಾಲೆಯ ಶಿಕ್ಷಕರ ವಿಷಯದಲ್ಲಿ ಆ ತೊಡಕಿಲ್ಲ, ಇಲ್ಲಿ ಅವರು ಪಾಲಕರಷ್ಟೇ. ಅತಿಥಿ ಶಿಕ್ಷಕರ ವಿಷಯ ಇನ್ನೂ ಸೂಕ್ಷ್ಮ. ಅವರ ಆಯ್ಕೆಯಲ್ಲಿ ಮುಖ್ಯಶಿಕ್ಷಕರ ಜೊತೆ ಕಮಿಟಿಯ ಪಾತ್ರವೂ ಇರುತ್ತದೆ. ತನ್ನ ನೇಮಕಕ್ಕೆ ತಾನೇ ಕೈ ಎತ್ತುವ ಪರಿಸ್ಥಿತಿ ಯಾರಿಗೂ ಶೋಭೆಯಲ್ಲ.

ನಿಲ್ಲಬೇಕೆಂದು ಮನಸ್ಸು ಮಾಡಿದ ಶಿಕ್ಷಕರು ಮೊದಲು ಮಾಡಬೇಕಾದ್ದು ಒಂದು ಪತ್ರ ಬರೆಯುವುದು. ಸರ್ಕಾರಿ ನೌಕರರು ಗ್ರಾಮ ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಯ ಚುನಾವಣೆಗೆ ನಿಲ್ಲುವಂತಿಲ್ಲ. ಸಾಲಿ ಕಮಿಟಿ ಅಂಥ ಸಂಸ್ಥೆಯಲ್ಲ, ಅಲ್ಲಿ ಪಕ್ಷವೂ ಇಲ್ಲ, ಚಿಹ್ನೆಯೂ ಇಲ್ಲ. ಆದರೂ ನಾಳೆ ಯಾರಾದರೂ ದೂರು ಕೊಟ್ಟರೆ ಉತ್ತರ ಕೈಯಲ್ಲಿರಬೇಕಲ್ಲ? ‘ನನ್ನ ಮಗು ಇಂಥ ಶಾಲೆಯಲ್ಲಿ ಓದುತ್ತಿದೆ, ಪಾಲಕನಾಗಿ ಸಮಿತಿ ಸದಸ್ಯತ್ವಕ್ಕೆ ಹೆಸರು ಕೊಡಲು ಅನುಮತಿ ಬೇಕು’ ಎಂದು ತಮ್ಮ ಮುಖ್ಯಶಿಕ್ಷಕರ ಮೂಲಕ ಬಿಇಒ ಕಚೇರಿಗೆ ಬರೆದು, ಸ್ವೀಕೃತಿ ಪಡೆದು, ಲಿಖಿತ ಉತ್ತರ ಬಂದ ಮೇಲೆಯೇ ಮುಂದುವರಿಯಿರಿ. ಬಸವಕಲ್ಯಾಣ, ಹುಮನಾಬಾದ್ ಎರಡೂ ಪ್ರತ್ಯೇಕ ಶೈಕ್ಷಣಿಕ ವಲಯಗಳು. ಕೆಲಸ ಒಂದು ವಲಯದಲ್ಲಿ, ಮಗುವಿನ ಶಾಲೆ ಇನ್ನೊಂದರಲ್ಲಿ ಇದ್ದರೆ ಪತ್ರ ಹೋಗಬೇಕಾದ್ದು ಕೆಲಸ ಮಾಡುವ ವಲಯಕ್ಕೆ. ಖಾಸಗಿ ಶಾಲೆಯ ಶಿಕ್ಷಕರಿಗೆ ಸರ್ಕಾರಿ ಅನುಮತಿಯ ಪ್ರಶ್ನೆಯೇ ಬರುವುದಿಲ್ಲ.

ಎರಡನೆಯದು ಪಾಲಕರ ಸಭೆ. ಕಮಿಟಿಯ ಹಣೆಬರಹ ತೀರ್ಮಾನವಾಗುವುದು ಆ ಒಂದು ಗಂಟೆಯಲ್ಲಿ. ಸಭೆಯ ದಿನ ಯಾವುದು ಎಂಬುದರ ಮೇಲೆ ಯಾರು ಬರುತ್ತಾರೆ ಎನ್ನುವುದು ನಿಂತಿದೆ. ಸೋಯಾಬೀನ್ ಕೊಯ್ಲಿನ ವಾರದಲ್ಲೋ ತೊಗರಿ ರಾಶಿಯ ಸಮಯದಲ್ಲೋ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಕೂಲಿಗೆ ಹೋಗುವ ತಾಯಂದಿರು ಬರುವುದಿಲ್ಲ. ಕಟ್ಟೆಯ ಮೇಲೆ ಕೂತವರಷ್ಟೇ ಬಂದು ಕೈ ಎತ್ತಿ ಹೋಗುತ್ತಾರೆ. ಆದ್ದರಿಂದ ಹೆಸರು ಕೊಡುವ ಮೊದಲು ಮುಖ್ಯಶಿಕ್ಷಕರಿಗೆ ಮೂರು ಮನವಿ ಮಾಡಿ. ನೋಟಿಸು ಕನಿಷ್ಠ ಒಂದು ವಾರ ಮೊದಲು ಮಕ್ಕಳ ಕೈಯಲ್ಲಿ ಮನೆಗೆ ಹೋಗಲಿ. ಸಭೆ ಸಂಜೆ ಅಥವಾ ರಜೆಯ ದಿನ ನಡೆಯಲಿ. ಮರಾಠಿ, ಉರ್ದು ಮಾಧ್ಯಮದ ಶಾಲೆಯಾದರೆ ನೋಟಿಸು ಪಾಲಕರು ಓದುವ ಭಾಷೆಯಲ್ಲಿರಲಿ. ಗಡಿಯ ಈ ತಾಲ್ಲೂಕುಗಳಲ್ಲಿ ಮೂರನೆಯ ಮನವಿ ತೀರಾ ಅಗತ್ಯ. ಕನ್ನಡದಲ್ಲಷ್ಟೇ ಬರೆದ ನೋಟಿಸನ್ನು ಮರಾಠಿ ಮನೆಯ ತಾಯಿ ಮಗನ ಕೈಯಿಂದ ಓದಿಸಿಕೊಳ್ಳಬೇಕು. ಆ ಮಗ ಇನ್ನೂ ಎರಡನೇ ತರಗತಿಯಲ್ಲಿದ್ದರೆ?

ಸಭೆಯಲ್ಲಿ ಹೆಸರನ್ನು ಇನ್ನೊಬ್ಬ ಪಾಲಕರು ಸೂಚಿಸಲಿ, ಮತ್ತೊಬ್ಬರು ಅನುಮೋದಿಸಲಿ. ಶಿಕ್ಷಕರು ತಮ್ಮ ಹೆಸರನ್ನು ತಾವೇ ಹೇಳಿಕೊಂಡರೆ ಅಲ್ಲಿ ಕೂತವರಿಗೆ ಅದು ಅಪ್ಪಣೆಯಂತೆ ಕೇಳಿಸುತ್ತದೆ. ಸೀಟಿಗಿಂತ ಹೆಚ್ಚು ಹೆಸರು ಬಂದರೆ ಚೀಟಿ ಹಾಕಿ ಮತ ತೆಗೆದುಕೊಳ್ಳಲು ಕೇಳಿ. ಊರಿನ ದೊಡ್ಡವರ ಎದುರು ಕೈ ಎತ್ತುವುದು ಸುಲಭವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಹಿಳೆಯರ ಮತ್ತು ಪರಿಶಿಷ್ಟರ ಜಾಗಗಳು ತುಂಬಿದ ಮೇಲಷ್ಟೇ ನಿಮ್ಮ ಹೆಸರು ಬರಲಿ. ಮಹಿಳೆಯ ಹೆಸರು ಪುಸ್ತಕದಲ್ಲಿ, ಸಭೆಗೆ ಬರುವವ ಗಂಡ ಎಂಬ ರೂಢಿ ನಿಮ್ಮ ಕಮಿಟಿಯಲ್ಲೂ ನಡೆದರೆ ಅರ್ಧದಷ್ಟು ಮಹಿಳೆಯರು ಎಂಬ ಅಂಕಿ ಕಾಗದದಲ್ಲೇ ಉಳಿಯುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಮಾಸ್ತರು ಕೂತರೆ ಉಳಿದವರು ಮಾತಾಡುವುದೇ ಇಲ್ಲ. ‘ನಮಗೇನ್ ತಿಳೀತದ್ರಿ ಸರ್, ನೀವೇ ಹೇಳ್ರಿ’ ಎನ್ನುತ್ತಾರೆ, ಸಭೆ ಅಲ್ಲಿಗೆ ಮುಗಿಯುತ್ತದೆ. ಈ ಆಕ್ಷೇಪ ನಿಜ. ಅಧ್ಯಕ್ಷ ಸ್ಥಾನ ಬೇಡ ಎನ್ನುವುದಕ್ಕೆ ನನ್ನ ಕಾರಣವೂ ಇದೇ. ಅಧ್ಯಕ್ಷರು ಮುಖ್ಯಶಿಕ್ಷಕರ ಜೊತೆ ಸಮಿತಿಯ ಜಂಟಿ ಖಾತೆಗೆ ಸಹಿ ಹಾಕುವವರು. ಅಲ್ಲಿ ಇಬ್ಬರೂ ಇಲಾಖೆಯವರೇ ಆದರೆ ಪಾಲಕರ ಕಣ್ಣಿಗೆ ಅದು ಒಂದೇ ಕೈಯ ಎರಡು ಸಹಿ. ಇದರ ಬೆನ್ನಿಗೇ ಬರುವ ಇನ್ನೊಂದು ಆಕ್ಷೇಪ, ಶಿಕ್ಷಕ ಶಿಕ್ಷಕನ ಪರ ನಿಲ್ಲುತ್ತಾನೆ ಎಂಬುದು. ಅದನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಶಾಲೆಯ ಲೆಕ್ಕಪುಸ್ತಕ ಓದಲು ಬರುವವರು ಕಮಿಟಿಯಲ್ಲಿ ಒಬ್ಬರಾದರೂ ಇರಬೇಕು, ಆ ಒಬ್ಬರು ಉಳಿದ 17 ಜನರಿಗೆ ಓದಿ ಹೇಳಬೇಕು. ಶಿಕ್ಷಕ ಪಾಲಕರ ನಿಜವಾದ ಉಪಯೋಗ ಇಷ್ಟೇ, ಆದರೆ ಇದು ಸಣ್ಣದಲ್ಲ.

ಒಂದು ಉದಾಹರಣೆ ನೋಡಿ. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟನೇ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯ. ಹಾಜರಿ ಪುಸ್ತಕದಲ್ಲಿ ಒಂದು ದಿನ ಕಿರಿಯ ತರಗತಿಗಳ 80, ಹಿರಿಯ ತರಗತಿಗಳ 40 ಮಕ್ಕಳಿದ್ದರೆ ದಾಸ್ತಾನು ಪುಸ್ತಕದಲ್ಲಿ ಅಂದು 14 ಕಿಲೊ ಕಡಿಮೆಯಾಗಬೇಕು. ಎರಡೂ ಪುಸ್ತಕ ಪಕ್ಕಪಕ್ಕ ತೆರೆದಿಟ್ಟರೆ ಈ ಲೆಕ್ಕ ಎರಡು ನಿಮಿಷದ್ದು. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬೀದರ್ ಒಂದು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ವಿತರಣೆ ಮೊದಲು ಬಂದದ್ದೂ ಈ ಭಾಗಕ್ಕೇ. ಇಷ್ಟು ಹಳೆಯ ಅನುಭವವಿರುವ ಜಿಲ್ಲೆಯಲ್ಲಿ ಈ ಲೆಕ್ಕ ಪಾಲಕರಿಗೆ ಗೊತ್ತಿರಬೇಕು.

ಅನುದಾನದ ಲೆಕ್ಕವೂ ಹಾಗೆಯೇ. ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ ಮಕ್ಕಳ ಸಂಖ್ಯೆಗೆ ತಕ್ಕಂತೆ ನಿಗದಿಯಾಗಿದೆ. 30ರವರೆಗೆ 10 ಸಾವಿರ ರೂಪಾಯಿ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, ಸಾವಿರದವರೆಗೆ 75 ಸಾವಿರ. ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಹೋಗಬೇಕು. ಹಣ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಯಾವಾಗ ಬಂತು ಎಂದು ಮೊದಲ ಸಭೆಯಲ್ಲೇ ಕೇಳಿ. ಕೇಳುವ ದನಿ ಮಾತ್ರ ಪೊಲೀಸರದಾಗದಿರಲಿ. ಎಷ್ಟೋ ಸಲ ಹಣ ತಡವಾದ ಸಿಟ್ಟು ಮುಖ್ಯಶಿಕ್ಷಕರಿಗೂ ಇರುತ್ತದೆ.

ನಡಾವಳಿ ಪುಸ್ತಕಕ್ಕೆ ಸಹಿ ಮಾಡುವ ಮುನ್ನ ಕೊನೆಯ ಠರಾವಿಗೂ ಮೊದಲ ಸಹಿಗೂ ನಡುವೆ ಖಾಲಿ ಸಾಲುಗಳಿವೆಯೇ ನೋಡಿ. ಇದ್ದರೆ ಅಡ್ಡಗೆರೆ ಎಳೆದು ಆಮೇಲೆ ಸಹಿ ಮಾಡಿ. ಹೆಬ್ಬೆಟ್ಟು ಒತ್ತುವವರಿಗೆ ಇಡೀ ಠರಾವು ಗಟ್ಟಿಯಾಗಿ ಓದಿ ಹೇಳಿ. ಖಾಲಿ ಹಾಳೆಯ ಮೇಲೆ ಎಷ್ಟೇ ಆತ್ಮೀಯರು ಕೇಳಿದರೂ ಸಹಿ ಬೇಡ.

ಕಮಿಟಿಗೆ ಅಧಿಕಾರವೇ ಇಲ್ಲ, ಮಾಸ್ತರರ ವರ್ಗಾವಣೆ ಬೀದರಿನಲ್ಲೋ ಬೆಂಗಳೂರಿನಲ್ಲೋ ಆಗುತ್ತದೆ ಎನ್ನುವವರಿದ್ದಾರೆ. ಅರ್ಧ ನಿಜ. ಖಾಲಿ ಹುದ್ದೆಯನ್ನು ಕಮಿಟಿ ತುಂಬಲಾರದು. ಆದರೆ ಕಾಯ್ದೆಯ 22ನೇ ಕಲಂ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಕಮಿಟಿಯೇ, ಅದೇ ಮುಂದಿನ ಅನುದಾನಕ್ಕೆ ಆಧಾರ. ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಹಿರಿಯ ಪ್ರಾಥಮಿಕದಲ್ಲಿ 35 ಮಕ್ಕಳಿಗೆ ಒಬ್ಬರು, ಜೊತೆಗೆ ವಿಜ್ಞಾನ–ಗಣಿತ, ಸಮಾಜ ವಿಜ್ಞಾನ, ಭಾಷೆಗೆ ತಲಾ ಒಬ್ಬರು ಎಂಬುದು ಕಾಯ್ದೆಯ ಪಟ್ಟಿಯಲ್ಲೇ ಇದೆ. ತರಗತಿವಾರು ಮಕ್ಕಳ ಸಂಖ್ಯೆ ಹಾಕಿ, ಕೊರತೆ ಎಷ್ಟೆಂದು ಕಳೆದು ತೋರಿಸಿ, ಅಧ್ಯಕ್ಷರ ಸಹಿಯೊಂದಿಗೆ ಪಂಚಾಯಿತಿಗೂ ಬಿಇಒ ಕಚೇರಿಗೂ ಕೊಟ್ಟ ಯೋಜನೆಯನ್ನು ಬಾಯಿಮಾತಿನ ದೂರಿನಂತೆ ತಳ್ಳಿಹಾಕಲಾಗದು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನದೊಳಗೆ ಅವರು ಉತ್ತರಿಸಬೇಕು. ಕಾಂಪೌಂಡ್, ಶೌಚಾಲಯದ ಬೇಡಿಕೆಗಳನ್ನು ಗ್ರಾಮಸಭೆಯ ಮುಂದಿಡಿ.

ಅಭಿವೃದ್ಧಿ ಯೋಜನೆ ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳು ಮೊದಲೇ, ಅಂದರೆ ಡಿಸೆಂಬರ್ ಕೊನೆಯೊಳಗೆ ಸಿದ್ಧವಿರಬೇಕೆಂದು ಕೇಂದ್ರದ ಮಾದರಿ ನಿಯಮ ಹೇಳುತ್ತದೆ. ನಮ್ಮ ಕಡೆ ಅದು ತೊಗರಿ ರಾಶಿಯ ಕಾಲ. ಹಾಗಾಗಿ ಆ ಸಭೆಯನ್ನು ನವೆಂಬರ್‌ನಲ್ಲೇ ಕರೆಸಿ, ಯೋಜನೆಯ ಒಂದು ಪ್ರತಿಯನ್ನು ಮನೆಯಲ್ಲೂ ಇಟ್ಟುಕೊಳ್ಳಿ. ಮಗು ಟಿಸಿ ಪಡೆದು ಶಾಲೆ ಬಿಟ್ಟ ದಿನ ನಿಮ್ಮ ಸದಸ್ಯತ್ವವೂ ಮುಗಿಯುತ್ತದೆ. ಆ ಪ್ರತಿಯನ್ನು ನಿಮ್ಮ ಜಾಗಕ್ಕೆ ಬರುವ ತಾಯಿಯ ಕೈಗೆ ಕೊಟ್ಟು ಹೊರಡಿ.