ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದು

ವಾರಾಣಸಿಯ ಶಿವಾಲದ ಇಕ್ಕಟ್ಟಾದ ಬೀದಿಗಳಲ್ಲಿ ನಿಧಾನವಾಗಿ ಸಾಗುವ ಮೋಟಾರ್ ಸೈಕಲ್ ಸವಾರನಿಗೆ ಶಿರಸ್ತ್ರಾಣದೊಳಗೆ ಗಾಳಿಯ ಸದ್ದು ಅಷ್ಟಾಗಿ ಕೇಳಿಸದು. ಆತನೇ ಪ್ರಯಾಗರಾಜದ ಹೆದ್ದಾರಿ ಹಿಡಿದು ಗಂಟೆಗೆ ಸುಮಾರು 65 ಕಿ.ಮೀ. ವೇಗವನ್ನು ದಾಟಿದಾಗ, ಅದು ಎಂಜಿನ್ನಿನ ಸದ್ದನ್ನೂ ಮೀರಿಸುತ್ತದೆ, 100 ಕಿ.ಮೀ. ವೇಗದಲ್ಲಿ 90 ಡೆಸಿಬೆಲ್ಲನ್ನು ದಾಟುತ್ತದೆ. ಇಂತಹ ಸದ್ದಿಗೆ ದಿನವೂ ಗಂಟೆಗಟ್ಟಲೆ ಒಡ್ಡಿಕೊಂಡರೆ ಶ್ರವಣಶಕ್ತಿ ಕುಂದುತ್ತದೆ. ಕುಂದಿದ್ದು ಮರಳಿ ಬಾರದು.

ಗಾಳಿಯು ಮುಖ್ಯವಾಗಿ ಗದ್ದ ಹಾಗೂ ಕತ್ತಿನ ಬಳಿಯ ಸಂದಿನಲ್ಲಿ ಸುಳಿಗೊಂಡು ಸದ್ದು ಮಾಡುತ್ತದೆ. ಆದುದರಿಂದ ಐ.ಎಸ್.ಐ. ಮುದ್ರೆಯುಳ್ಳ, ತಲೆಗೆ ಸರಿಯಾಗಿ ಹೊಂದುವ, ಮುಖವನ್ನೆಲ್ಲ ಮುಚ್ಚುವ ಶಿರಸ್ತ್ರಾಣವನ್ನು ಆರಿಸಬೇಕು. ಪಟ್ಟಿಯನ್ನು ಬಿಗಿದು, ವೈಸರನ್ನು ಪೂರ್ತಿಯಾಗಿ ಇಳಿಸಿ, ಕತ್ತಿಗೆ ವಸ್ತ್ರ ಸುತ್ತಿ ಅದರ ತುದಿಗಳನ್ನು ಅಂಗಿಯೊಳಗೆ ಸೇರಿಸಬೇಕು. ವೇಗವನ್ನು ತಗ್ಗಿಸುವುದು ಖರ್ಚಿಲ್ಲದ ಉಪಾಯ. ಸದ್ದಿಗೆ ಬೇಸತ್ತು ಶಿರಸ್ತ್ರಾಣವನ್ನೇ ಕಳಚುವುದು ಮಾತ್ರ ಸಲ್ಲದು. ಅದು ಕಿವಿಯನ್ನು ಉಳಿಸಲು ಹೋಗಿ ತಲೆಯನ್ನು ಕಳೆದುಕೊಂಡಂತೆ.